ಗಣಿತ ಪ್ರಶ್ನೋತ್ತರ: 4,29,49,67,297ರ ಒಳಗುಟ್ಟು

ಅವಿಭಾಜ್ಯ ಸಂಖ್ಯೆಗಳನ್ನೇ ತಪ್ಪದೆ ಕೊಡುವ ಸೂತ್ರವೊಂದು ಇದೆಯೇ ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಅವರಿಗೆ ಉತ್ತರಿಸುವಾಗ, ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಅಂಥದ್ದೊಂದು ಸೂತ್ರವನ್ನು ಮುಂದಿಟ್ಟಿದ್ದನೆಂದೂ ಅದು 4,29,49,67,297 ಎಂಬಲ್ಲಿ ಮುಗ್ಗರಿಸಿತೆಂದೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆವು. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಸಂಖ್ಯೆಗೇ ಬಿಟ್ಟುಕೊಟ್ಟಿದ್ದೇವೆ. ಓದುವಾಗ ಅದು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಪ್ರತಿ ಸಲವೂ ಇಷ್ಟುದ್ದ ಬರೆಯಲಾಗದ್ದರಿಂದ ಮುಂದೆ ‘ನಮ್ಮ ಸಂಖ್ಯೆ’ ಎಂದೇ ಕರೆಯುತ್ತೇವೆ.

ಪ್ರಶ್ನೆ: ಎರಡರಿಂದ ಹೊರಟು ವರ್ಗ ಮಾಡುತ್ತ ಹೋಗಿ ಒಂದನ್ನು ಕೂಡಿಸಿದರೆ ಈ ಸಂಖ್ಯೆ ಬರುತ್ತದೆಂದು ನನ್ನ ಮೊಮ್ಮಗಳು ತೋರಿಸಿಕೊಟ್ಟಳು. ಇದನ್ನು 641 ಭಾಗಿಸುತ್ತದೆಂದೂ ಅವಳೇ ಹೇಳಿದಳು. ಫರ್ಮಾನಂಥವನು ಅಷ್ಟು ಚಿಕ್ಕ ಸಂಖ್ಯೆಯಿಂದ ಭಾಗಿಸಿ ನೋಡುವ ವ್ಯವಧಾನವನ್ನೂ ತೋರದೆ ಇದನ್ನು ಅವಿಭಾಜ್ಯವೆಂದು ಹೇಳಿಬಿಟ್ಟನೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ

ಉತ್ತರ: ನಿಮ್ಮ ಮೊಮ್ಮಗಳು ತೋರಿಸಿದ ದಾರಿ ಸರಿಯಾಗಿದೆ. 2, 4, 16, 256, 65,536 ಎಂದು ಪ್ರತಿಯೊಂದನ್ನೂ ಅದರಿಂದಲೇ ಗುಣಿಸುತ್ತ ಹೋದರೆ ಆರನೆಯದಾಗಿ 4,29,49,67,296 ಬರುತ್ತದೆ. ಅದು 2³², ಅಂದರೆ ಮೂವತ್ತೆರಡು ಎರಡುಗಳ ಗುಣಲಬ್ಧ. ಇವುಗಳಿಗೆ ಒಂದೊಂದು ಕೂಡಿಸಿದಾಗ ಸಿಗುವ 3, 5, 17, 257, 65,537 ಎಂಬ ಮೊದಲ ಐದೂ ಅವಿಭಾಜ್ಯಗಳು. ಆರನೆಯದೇ ನಮ್ಮ ಸಂಖ್ಯೆ. ಇಡೀ ಸಾಲು ಹೀಗೆಯೇ ಅವಿಭಾಜ್ಯವಾಗಿ ಮುಂದುವರಿಯುತ್ತದೆಂದು ಫರ್ಮಾ 1640ರಲ್ಲಿ ತನ್ನ ಪತ್ರಮಿತ್ರ ಫ್ರೆನಿಕ್ಲ್‌ಗೆ ಬರೆದ. ಆದರೆ ತನ್ನ ಬಳಿ ಪೂರ್ಣ ಸಾಧನೆ ಇಲ್ಲವೆಂಬುದನ್ನು ಆ ಪತ್ರದಲ್ಲಿ ಅವನು ಮುಚ್ಚಿಡಲಿಲ್ಲ. ಬಹಳಷ್ಟು ಭಾಜಕಗಳನ್ನು ಖಚಿತವಾದ ತರ್ಕದಿಂದ ಹೊರಗಿಟ್ಟಿರುವುದರಿಂದ ತನಗೆ ಹೀಗೆ ನಂಬಿಕೆ ಬಂದಿದೆ ಎಂಬುದು ಅವನ ಮಾತಿನ ಸಾರ. ಹೀಗಾಗಿ, ನೋಡದೆ ಹೇಳಿಬಿಟ್ಟ ಎಂಬ ಆರೋಪ ಸ್ವಲ್ಪ ಬಿರುಸಾಯಿತು.

ಕೆಲಸದ ಪ್ರಮಾಣವನ್ನೂ ಗಮನಿಸಬೇಕು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 65,537ರ ವಿಷಯದಲ್ಲಿ ಹಾಗೆ ನೋಡಬೇಕಾದ ಅವಿಭಾಜ್ಯಗಳು 54 ಮಾತ್ರ, ಅದು ಒಂದು ಮಧ್ಯಾಹ್ನದ ಕೆಲಸ. ನಮ್ಮ ಸಂಖ್ಯೆಗೆ ವರ್ಗಮೂಲವೇ 65,536ರ ಆಸುಪಾಸಿನಲ್ಲಿದೆ, ಅಲ್ಲಿಯವರೆಗೆ 6,542 ಅವಿಭಾಜ್ಯಗಳಿವೆ. ಆ ಪಟ್ಟಿಯನ್ನು ಕುರುಡಾಗಿ ಭಾಗಿಸುತ್ತ ಹೋದರೂ 641 ಬೇಗನೆ ಎದುರಾಗುತ್ತದೆ ಎಂಬುದು ನಿಜವೇ. ಆದರೆ ಅದು ಈಗ ಉತ್ತರ ಗೊತ್ತಿರುವ ನಮಗೆ ಕಾಣುವ ಸತ್ಯ. ಫರ್ಮಾನ ನಿಜವಾದ ಎಡವಟ್ಟು ಬೇರೆ ಕಡೆ ಇದೆ ಎಂಬುದು ನಮ್ಮ ಅಭಿಪ್ರಾಯ. ಅದು ಮುಂದಿನ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ಈ ಸಂಖ್ಯೆಯನ್ನು ಮೊದಲು ಒಡೆದವನು ಸ್ವಿಸ್ ಗಣಿತಜ್ಞ ಆಯ್ಲರ್ ಎಂದು ಓದಿದ್ದೇನೆ. 641 ಎಂಬುದು ಆಯ್ಲರ್‌ಗೆ ಅದೃಷ್ಟದಿಂದ ಸಿಕ್ಕಿತೋ, ಲೆಕ್ಕದಿಂದಲೋ? ಪಿಯುಸಿ ಮಟ್ಟದಲ್ಲಿ ಅರ್ಥವಾಗುವಂತೆ ಹೇಳಲು ಸಾಧ್ಯವೇ?
— ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಲೆಕ್ಕದಿಂದಲೇ. ಗೋಲ್ಡ್‌ಬಾಖ್ ಎಂಬ ಗಣಿತಾಸಕ್ತ 1729ರ ಡಿಸೆಂಬರ್ 1ರಂದು ಆಯ್ಲರ್‌ಗೆ ಬರೆದ ಪತ್ರದ ಕೊನೆಯಲ್ಲಿ, ಫರ್ಮಾನ ಈ ಹೇಳಿಕೆ ನಿಮಗೆ ಗೊತ್ತೇ ಎಂದು ಕೇಳಿದ್ದ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರ್‌ಗೆ ಆಗ ಇನ್ನೂ ಇಪ್ಪತ್ತೆರಡು ವರ್ಷ. 1732ರ ಹೊತ್ತಿಗೆ ಅವನು ಅಲ್ಲಿನ ಅಕಾಡೆಮಿಯ ಮುಂದೆ 641ನ್ನು ಇರಿಸಿದ. ಅದಕ್ಕೆ ಹಿನ್ನೆಲೆಯಾದ ತರ್ಕವನ್ನು ಅವನು ವಿವರವಾಗಿ ಬರೆದದ್ದು ಅನಂತರದ ಲೇಖನದಲ್ಲಿ.

ತರ್ಕ ಹೀಗಿದೆ. ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಅವಿಭಾಜ್ಯವೊಂದಿದೆ ಎಂದುಕೊಳ್ಳೋಣ, ಅದನ್ನು ‘ಪ’ ಎನ್ನೋಣ. ಆಗ 2³² ಎಂಬುದು ಪ-ದಿಂದ ಭಾಗವಾಗಲು ಒಂದು ಕಡಿಮೆ ಇದೆ, ಅಂದರೆ ಶೇಷ −1. ಅದನ್ನು ವರ್ಗ ಮಾಡಿದರೆ 2⁶⁴, ಅದರ ಶೇಷ 1. ಎರಡರ ಘಾತಗಳನ್ನು ಒಂದೊಂದಾಗಿ ಏರಿಸುತ್ತ ಪ-ದಿಂದ ಭಾಗಿಸುತ್ತ ಹೋದರೆ ಶೇಷವು ಮೊದಲ ಬಾರಿಗೆ 1 ಆಗುವುದು ಯಾವ ಘಾತದಲ್ಲಿ? ಆ ಮೊದಲ ಘಾತ 64ನ್ನು ಭಾಗಿಸಲೇಬೇಕು. ಆದರೆ ಅದು 32 ಅಥವಾ 32ರ ಭಾಜಕವಾಗಿದ್ದರೆ 2³²ರ ಶೇಷ −1ರ ಬದಲು 1 ಆಗಿಬಿಡುತ್ತಿತ್ತು. ಆದ್ದರಿಂದ ಅದು 64 ಆಗಿರಲೇಬೇಕು. ಇನ್ನೊಂದು ಕಡೆ, 2ರ ಘಾತ (ಪ − 1) ಆದಾಗ ಶೇಷ ಯಾವಾಗಲೂ 1 ಎಂದು ಹೇಳುವ ಪ್ರಮೇಯವೊಂದಿದೆ. ಎರಡನ್ನೂ ಸೇರಿಸಿದರೆ, 64 ಎಂಬುದು (ಪ − 1)ನ್ನು ಭಾಗಿಸುತ್ತದೆ. ಅಂದರೆ ನಮ್ಮ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇರುವುದಾದರೆ ಅದು 64ರ ಯಾವುದೋ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಇರಬೇಕು.

ಈಗ ಹುಡುಕಾಟ ಎಷ್ಟು ಕಿರಿದಾಯಿತು ನೋಡಿ. 65, 129, 193, 257, 321, 385, 449, 513, 577, 641 ಎಂಬ ಸಾಲಿನಲ್ಲಿ ಅವಿಭಾಜ್ಯವಾದವು 193, 257, 449, 577, 641 ಮಾತ್ರ. ನಮ್ಮ ಸಂಖ್ಯೆಯನ್ನು ಮೊದಲ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ 109, 2, 325, 288 ಶೇಷ ಉಳಿಯುತ್ತವೆ. ಐದನೆಯದೇ 641. ಅದನ್ನು ಪರೀಕ್ಷಿಸಲು ಹತ್ತು ಅಂಕಿಯ ಭಾಗಾಕಾರವೂ ಬೇಡ. 2¹⁶ ಎಂದರೆ 65,536. ಅದರಲ್ಲಿ 641ರ 102 ಪಟ್ಟು, ಅಂದರೆ 65,382 ಕಳೆದರೆ 154 ಉಳಿಯುತ್ತದೆ. 154ರ ವರ್ಗ 23,716. 641ರ 37 ಪಟ್ಟು 23,717. ಒಂದೇ ಒಂದು ಕಡಿಮೆ ಬಿತ್ತು, ಅಂದರೆ 2³²ರ ಶೇಷ −1. ನಮ್ಮ ಸಂಖ್ಯೆ 2³²ಕ್ಕಿಂತ ಒಂದು ಹೆಚ್ಚಿರುವುದರಿಂದ ಆ ಕೊರತೆ ತುಂಬಿಹೋಗುತ್ತದೆ.

ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ 1878ರಲ್ಲಿ ಜರಡಿಯನ್ನು ಇನ್ನಷ್ಟು ಬಿಗಿ ಮಾಡಿದ. ಪ-ದಿಂದ 8ನ್ನು ಕಳೆಯುತ್ತ ಹೋದಾಗ 1 ಉಳಿಯುವುದಾದರೆ (ಪ ಎಂಬುದು 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರುವುದರಿಂದ ಇಲ್ಲಿ ಉಳಿಯುತ್ತದೆ), ತನ್ನ ವರ್ಗವನ್ನು ಪ-ದಿಂದ ಭಾಗಿಸಿದಾಗ 2 ಶೇಷ ಉಳಿಯುವ ಸಂಖ್ಯೆಯೊಂದು ಸಿಕ್ಕೇ ಸಿಗುತ್ತದೆ. 2ರ ಬದಲು ಆ ಸಂಖ್ಯೆಯ ಘಾತಗಳನ್ನು ಏರಿಸಿದರೆ ಮೇಲಿನ ತರ್ಕದಲ್ಲಿ 64ರ ಜಾಗಕ್ಕೆ 128 ಬರುತ್ತದೆ. ಆಗ 641ರವರೆಗೆ ಉಳಿಯುವವು 257 ಮತ್ತು 641 ಎರಡೇ. 257 ತಾನೇ ಫರ್ಮಾನ ಸಾಲಿನ ಸದಸ್ಯ. ಆ ಸಾಲಿನ ಯಾವ ಎರಡು ಸಂಖ್ಯೆಗಳಿಗೂ ಸಾಮಾನ್ಯ ಅಪವರ್ತನ ಇಲ್ಲವೆಂದು ಗೋಲ್ಡ್‌ಬಾಖ್ 1730ರಲ್ಲೇ ತೋರಿಸಿದ್ದ (ಮೇಲೆ 257ಕ್ಕೆ ಬಂದ ಶೇಷ 2 ಆಕಸ್ಮಿಕವಲ್ಲ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದಾಗ ಅಲ್ಲಿ ಯಾವಾಗಲೂ 2 ಉಳಿಯುತ್ತದೆ). ಹೀಗೆ 257ನ್ನೂ ಬಿಟ್ಟರೆ, ಭಾಗಿಸಿ ನೋಡಬೇಕಾದ ಮೊಟ್ಟಮೊದಲ ಸಂಖ್ಯೆಯೇ 641!

ಈಗ ಫರ್ಮಾನ ವಿಷಯ. ಮೇಲಿನ ತರ್ಕಕ್ಕೆ ಆಧಾರವಾದ, 2ರ ಘಾತ (ಪ − 1) ಆದಾಗ ಶೇಷ 1 ಎಂಬ ಪ್ರಮೇಯ ಫರ್ಮಾನದೇ. ಅದನ್ನೂ ಅವನು ಫ್ರೆನಿಕ್ಲ್‌ಗೇ ಬರೆದು ತಿಳಿಸಿದ್ದ, ಅದೂ 1640ರ ಅಕ್ಟೋಬರ್‌ನಲ್ಲಿ, ತನ್ನ ಊಹೆಯನ್ನು ಬರೆದ ಕೆಲವೇ ವಾರಗಳ ನಂತರ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಸಾಲಿಗೆ ಅವನನ್ನು ಸೇರಿಸಿದರೆ ತಪ್ಪೇನೂ ಇಲ್ಲ. ಪ್ರಮೇಯವನ್ನು ಈ ಸಂಖ್ಯೆಗೆ ಅನ್ವಯಿಸಿ, ಐದು ಭಾಗಾಕಾರಗಳನ್ನು ಸರಿಯಾಗಿ ಮಾಡಿದ್ದರೆ ಊಹೆ ಅದೇ ವರ್ಷ ಬಿದ್ದುಹೋಗುತ್ತಿತ್ತು. ಅವನು ಭಾಗಿಸಿ ಲೆಕ್ಕ ತಪ್ಪಿದನೋ, ಭಾಗಿಸಲೇ ಇಲ್ಲವೋ ಎಂಬುದಕ್ಕೆ ದಾಖಲೆ ಉಳಿದಿಲ್ಲ.

ಪ್ರಶ್ನೆ: ಹತ್ತನೆಯ ತರಗತಿಯ ಮಕ್ಕಳಿಗೆ ಶೇಷಗಳ ಗಣಿತ ಪರಿಚಯವಿರುವುದಿಲ್ಲ. ಅಪವರ್ತಿಸುವ ಸೂತ್ರಗಳನ್ನಷ್ಟೇ ಬಳಸಿ 641ರ ಕಥೆಯನ್ನು ಕಪ್ಪುಹಲಗೆಯ ಮೇಲೆ ತೋರಿಸಬಹುದೇ? 641ರಿಂದ ಭಾಗಿಸಿದಾಗ ಬರುವ 67,00,417ನ್ನು ಮತ್ತೆ ಒಡೆಯಲಾಗದೆಂದು ಹೇಗೆ ನಂಬಿಸುವುದು?
— ಗಣಿತ ಶಿಕ್ಷಕರು, ರಾಜಾಜಿನಗರ

ಉತ್ತರ: ಖಂಡಿತ ತೋರಿಸಬಹುದು. ಅದಕ್ಕೆ 641ರ ಎರಡು ರೂಪಗಳನ್ನು ಹಲಗೆಯ ಮೇಲೆ ಬರೆದುಕೊಂಡರೆ ಸಾಕು:

641 = 640 + 1, ಇಲ್ಲಿ 640 = 5 × 2⁷
641 = 625 + 16, ಅಂದರೆ 5⁴ + 2⁴

2³²ನ್ನು 16 × 2²⁸ ಎಂದು ಬರೆಯಿರಿ. 16ರ ಜಾಗದಲ್ಲಿ 641 − 625 ಎಂದು ಇಡಿ. ಆಗ 2³² ಎಂಬುದು 641 × 2²⁸ರಿಂದ 5⁴ × 2²⁸ನ್ನು ಕಳೆದದ್ದಕ್ಕೆ ಸಮ. ಕಳೆಯುವ ಭಾಗವನ್ನು ನೋಡಿದರೆ, ಅದು 5 × 2⁷ರ ನಾಲ್ಕನೆಯ ಘಾತ, ಅಂದರೆ 640⁴. ಎರಡೂ ಕಡೆ ಒಂದನ್ನು ಕೂಡಿಸಿ:

2³² + 1 = 641 × 2²⁸ − (640⁴ − 1)

ಆವರಣದೊಳಗಿನದು ಮಕ್ಕಳಿಗೆ ಚಿರಪರಿಚಿತವಾದ ‘ವರ್ಗಗಳ ವ್ಯತ್ಯಾಸ’. ಅದನ್ನು ಎರಡು ಸಲ ಬಳಸಿದರೆ 640⁴ − 1 = 639 × 641 × 4,09,601. ಬಲಗಡೆಯ ಎರಡೂ ಪದಗಳಲ್ಲಿ 641 ಇದೆ, ಅದನ್ನು ಹೊರತೆಗೆದರೆ ಭಾಗಲಬ್ಧವೂ ತಾನಾಗಿ ಸಿಗುತ್ತದೆ: 2²⁸ ಎಂಬುದು 26,84,35,456. ಅದರಿಂದ 639 × 4,09,601, ಅಂದರೆ 26,17,35,039 ಕಳೆಯಿರಿ. ಉಳಿಯುವುದು 67,00,417. ಹತ್ತು ಅಂಕಿಯ ಸಂಖ್ಯೆಯನ್ನು ಎಲ್ಲಿಯೂ ಭಾಗಿಸದೆ ಅದರ ಎರಡು ಅಪವರ್ತನಗಳನ್ನೂ ಪಡೆದಂತಾಯಿತು. ಈ ಜಾಣ ಸಾಧನೆ 641 ಗೊತ್ತಾದ ಮೇಲೆ ಹೊಳೆಯುವಂಥದ್ದು, ಮೊದಲು ಹೊಳೆಯುವಂಥದ್ದಲ್ಲ ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳಲು ಮರೆಯಬೇಡಿ. ಇಲ್ಲವಾದರೆ ಗಣಿತವೆಂದರೆ ಆಕಾಶದಿಂದ ಉದುರುವ ಉಪಾಯಗಳೆಂದು ಅವರು ಭಾವಿಸಿಬಿಡುತ್ತಾರೆ.

ಎರಡನೆಯ ಪ್ರಶ್ನೆಗೆ, ಮಲ್ಲೇಶ್ವರದ ವಿದ್ಯಾರ್ಥಿನಿಗೆ ಹೇಳಿದ ಜರಡಿಯೇ ಸಾಕು. 67,00,417ರ ಅವಿಭಾಜ್ಯ ಅಪವರ್ತನ ಯಾವುದಿದ್ದರೂ ಅದು ನಮ್ಮ ಸಂಖ್ಯೆಯ ಅಪವರ್ತನವೂ ಆಗಿರುವುದರಿಂದ ಅದೂ 128ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕು. ವರ್ಗಮೂಲ ಸುಮಾರು 2,588. ಅಲ್ಲಿಯವರೆಗೆ ಆ ರೂಪದ ಅವಿಭಾಜ್ಯಗಳು 257, 641, 769, 1,153 ಮತ್ತು 1,409. ಇವುಗಳಲ್ಲಿ 257 ಆಗಲೇ ಹೊರಗೆ. ಉಳಿದ ನಾಲ್ಕರಿಂದ ಭಾಗಿಸಿದರೆ ಶೇಷ ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ, ಆದ್ದರಿಂದ ಅರವತ್ತೇಳು ಲಕ್ಷದ ಸಂಖ್ಯೆಯೊಂದು ಅವಿಭಾಜ್ಯವೆಂಬುದು ನಾಲ್ಕೇ ಭಾಗಾಕಾರಗಳಲ್ಲಿ ತೀರ್ಮಾನವಾಯಿತು. ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಭಾಗಾಕಾರ ಕೊಟ್ಟರೆ ಹತ್ತು ನಿಮಿಷವೂ ಬೇಡ.

ಪ್ರಶ್ನೆ: ಈ ಸಂಖ್ಯೆಯನ್ನು ಹಳೆಯ ಪ್ರೋಗ್ರಾಂ ಒಂದಕ್ಕೆ ಕೊಟ್ಟಾಗ ಅದು ಇದನ್ನು 1 ಎಂದು ತೋರಿಸಿತು. ಪೈಥಾನ್‌ಗೆ ಬದಲಾಯಿಸಿ, 2ನ್ನು ಆಧಾರವಾಗಿಟ್ಟುಕೊಂಡು ಫರ್ಮಾನ ಪರೀಕ್ಷೆ ಮಾಡಿದರೆ ‘ಅವಿಭಾಜ್ಯ ಇರಬಹುದು’ ಎಂಬ ಉತ್ತರ ಬಂತು. ಎರಡೂ ತಪ್ಪು ಯಾಕೆ?
— ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಮೊದಲನೆಯದು ನಿಮಗೆ ಒಂದು ಕ್ಷಣ ಯೋಚಿಸಿದರೆ ಹೊಳೆಯುವಂಥದ್ದು. ಆ ಪ್ರೋಗ್ರಾಂ ಸಂಖ್ಯೆಗಳನ್ನು 32 ಬಿಟ್‌ಗಳಲ್ಲಿ ಹಿಡಿದಿಡುತ್ತಿದ್ದಿರಬೇಕು. ಋಣ ಚಿಹ್ನೆಯ ಗೊಡವೆ ಇಲ್ಲದ 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ಅದಕ್ಕೆ ಒಂದು ಕೂಡಿಸಿದರೆ ಎಲ್ಲ ಬಿಟ್‌ಗಳೂ ಸೊನ್ನೆಗೆ ಮರಳುತ್ತವೆ, ಇನ್ನೊಂದು ಕೂಡಿಸಿದರೆ 1. ನಮ್ಮ ಸಂಖ್ಯೆ ಆ ಗಡಿಯಿಂದ ಎರಡೇ ಹೆಜ್ಜೆ ಆಚೆಗಿದೆ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳ ಒಟ್ಟು ಸಂಖ್ಯೆ 4,29,49,67,296 ಎಂಬುದೂ ಇದೇ 32 ಬಿಟ್‌ಗಳ ಲೆಕ್ಕ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು, ಮತ್ತು ಅಲ್ಲಿ ನಿಮ್ಮ ಪ್ರೋಗ್ರಾಂ ಏನೂ ತಪ್ಪಿಲ್ಲ. ನೀವು ಮಾಡಿದ ಪರೀಕ್ಷೆ, 2ರ ಘಾತವನ್ನು ‘ಸಂಖ್ಯೆ ಕಳೆ ಒಂದು’ ಮಾಡಿ, ಅದನ್ನು ಆ ಸಂಖ್ಯೆಯಿಂದಲೇ ಭಾಗಿಸಿದಾಗ 1 ಉಳಿಯುತ್ತದೆಯೇ ಎಂದು ನೋಡುತ್ತದೆ. ಅವಿಭಾಜ್ಯವಾದರೆ ಉಳಿಯಲೇಬೇಕು, ಆದರೆ ಉಳಿದದ್ದೆಲ್ಲ ಅವಿಭಾಜ್ಯವಲ್ಲ. ನಮ್ಮ ಸಂಖ್ಯೆಯಿಂದ ಭಾಗಿಸಿದಾಗ 2³²ರ ಶೇಷ −1, ಹಾಗಾಗಿ 2⁶⁴ರ ಶೇಷ 1. ಇಲ್ಲಿ ‘ಸಂಖ್ಯೆ ಕಳೆ ಒಂದು’ ಎಂದರೆ 2³², ಅದು 64ರ ಅಪವರ್ತ್ಯ. ಆದ್ದರಿಂದ ಶೇಷ 1 ಬಂದೇ ಬರುತ್ತದೆ. ಇದು ಈ ಒಂದು ಸಂಖ್ಯೆಯ ಕಥೆಯಲ್ಲ. ಫರ್ಮಾನ ಸಾಲಿನ ಪ್ರತಿಯೊಂದು ಸಂಖ್ಯೆಯೂ, ಅವಿಭಾಜ್ಯವಿರಲಿ ಇಲ್ಲದಿರಲಿ, ಆಧಾರ 2ರ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಈ ಸಾಲಿಗೆ ಆ ಪರೀಕ್ಷೆ ಎಳ್ಳಷ್ಟೂ ಉಪಯೋಗವಿಲ್ಲ.

ಆಧಾರವನ್ನು 3ಕ್ಕೆ ಬದಲಾಯಿಸಿ. ಪೆಪ್ಯಾಂ ಎಂಬಾತ 1877ರಲ್ಲಿ ಕೊಟ್ಟ ಪರೀಕ್ಷೆಯ ಪ್ರಕಾರ, 3ರಿಂದ ಹೊರಟು 31 ಸಲ ವರ್ಗ ಮಾಡುತ್ತ, ಪ್ರತಿ ಸಲವೂ ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತ ಹೋಗಬೇಕು. ಕೊನೆಗೆ −1 ಉಳಿದರೆ ಅವಿಭಾಜ್ಯ, ಬೇರೆ ಏನೇ ಉಳಿದರೂ ಅಲ್ಲ. ಇಲ್ಲಿ ಉಳಿಯುವುದು 1,03,24,303. ಪೈಥಾನ್‌ನಲ್ಲಿ ಇದು ಒಂದು ಸಾಲಿನ ಕೆಲಸ, ನೀವೇ ತಾಳೆ ನೋಡಬಹುದು. ಈ ಪರೀಕ್ಷೆಯ ವೈಚಿತ್ರ್ಯವೆಂದರೆ, ಸಂಖ್ಯೆ ಒಡೆಯುತ್ತದೆ ಎಂದಷ್ಟೇ ಇದು ಹೇಳುತ್ತದೆ, ಹೇಗೆ ಒಡೆಯುತ್ತದೆ ಎಂಬ ಸುಳಿವನ್ನೂ ಕೊಡುವುದಿಲ್ಲ. ಇದೇ ಸಾಲಿನಲ್ಲಿ ಬಹಳ ಮುಂದಿರುವ, ಐವತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವಲ್ಲವೆಂದು 1999ರಲ್ಲಿ ಇದೇ ಪರೀಕ್ಷೆಯಿಂದ ತೀರ್ಮಾನವಾಯಿತು. ಅದರ ಒಂದೇ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರಂಥವರು ಇದನ್ನು ಮನಸ್ಸಿನಲ್ಲೇ ಒಡೆಯಬಹುದಿತ್ತಲ್ಲವೇ?
— ಓದುಗರು, ಜಯನಗರ

ಉತ್ತರ: ಅವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದರು. ನಮ್ಮ ಸಂಖ್ಯೆಯನ್ನು ಮನಸ್ಸಿನಲ್ಲೇ ಒಡೆದವನೆಂದು ಪ್ರಸಿದ್ಧನಾದವನು ಅಮೆರಿಕದ ವರ್ಮಾಂಟ್‌ನಲ್ಲಿ 1804ರಲ್ಲಿ ಹುಟ್ಟಿದ ಜೆರಾ ಕೋಲ್ಬರ್ನ್ ಎಂಬ ಹುಡುಗ. ತಂದೆಯೊಡನೆ ಲಂಡನ್ನಿಗೆ ಬಂದು ಪ್ರದರ್ಶನ ಕೊಡುತ್ತಿದ್ದಾಗ ಇದರ ಅಪವರ್ತನಗಳನ್ನು ಕೇಳಿದವರಿಗೆ ಅವನು 641 ಎಂದು ಉತ್ತರಿಸಿದ. ಗುಣಾಕಾರದ ವೇಗ ಮತ್ತು ಅಪವರ್ತನ ಹುಡುಕುವುದು ಎರಡೂ ಬೇರೆ ಬೇರೆ ಶಕ್ತಿಗಳು. ಮೊದಲನೆಯದರಲ್ಲಿ ದಾರಿ ಮೊದಲೇ ಗೊತ್ತಿರುತ್ತದೆ, ಎರಡನೆಯದರಲ್ಲಿ ದಾರಿಯನ್ನೇ ಹುಡುಕಬೇಕು.

ಪ್ರಶ್ನೆ: ಈ ಸಂಖ್ಯೆ 65,536ರ ವರ್ಗಕ್ಕೆ 1ರ ವರ್ಗವನ್ನು ಕೂಡಿಸಿದ್ದಕ್ಕೆ ಸಮ ಎಂಬುದು ನೋಡಿದ ಕೂಡಲೇ ಕಾಣುತ್ತದೆ. ಇದನ್ನು ಬೇರೆ ಎರಡು ವರ್ಗಗಳ ಮೊತ್ತವಾಗಿಯೂ ಬರೆಯಲು ಸಾಧ್ಯವೇ?
— ಓದುಗರು, ವಿದ್ಯಾರಣ್ಯಪುರ

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನಮಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ಪ್ರಶ್ನೆ. ಸಾಧ್ಯವಿದೆ, ಇನ್ನೊಂದೇ ಒಂದು ರೀತಿಯಲ್ಲಿ:

62,264² + 20,449² = 3,87,68,05,696 + 41,81,61,601 = 4,29,49,67,297

ಇದು ಬಂದದ್ದು ಹೀಗೆ. ನಮ್ಮ ಸಂಖ್ಯೆಯ ಎರಡು ಅಪವರ್ತನಗಳೂ ಒಂದೊಂದು ರೀತಿಯಲ್ಲಿ ಎರಡು ವರ್ಗಗಳ ಮೊತ್ತಗಳು. 641 ಎಂದರೆ 25² + 4². 67,00,417 ಎಂದರೆ 2,556² + 409². ಎರಡು ವರ್ಗಗಳ ಮೊತ್ತವಾದ ಸಂಖ್ಯೆಗಳನ್ನು ಗುಣಿಸಿದರೆ ಬರುವ ಸಂಖ್ಯೆಯೂ ಎರಡು ವರ್ಗಗಳ ಮೊತ್ತವೇ ಆಗಿರುತ್ತದೆ, ಅದೂ ಸಾಮಾನ್ಯವಾಗಿ ಎರಡು ರೀತಿಗಳಲ್ಲಿ. ಇದರ ಸುಳಿವು ಗ್ರೀಕ್ ಭಾಷೆಯಲ್ಲಿ ಬರೆದ ಡಯೋಫಾಂಟಸ್‌ನಲ್ಲೂ ಇದೆ. ಇದನ್ನು ತನ್ನೊಳಗೆ ಸೇರಿಸಿಕೊಂಡ, ಇನ್ನೂ ವ್ಯಾಪಕವಾದ ನಿಯಮವನ್ನು ಬ್ರಹ್ಮಗುಪ್ತ 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟ. ಭಾರತೀಯ ಗಣಿತದಲ್ಲಿ ಅದಕ್ಕೆ ‘ಭಾವನಾ’ ಎಂದು ಹೆಸರು.

ಕೈಯಿಂದಲೇ ಮಾಡಿ ನೋಡಿ. 25 × 2,556 = 63,900, ಹಾಗೂ 4 × 409 = 1,636. ಕೂಡಿಸಿದರೆ 65,536, ಕಳೆದರೆ 62,264. ಇನ್ನು ಅಡ್ಡಡ್ಡ ಗುಣಿಸಿ: 25 × 409 = 10,225, ಹಾಗೂ 4 × 2,556 = 10,224. ಕಳೆದರೆ 1, ಕೂಡಿಸಿದರೆ 20,449. ಎರಡೂ ಜೋಡಿಗಳು ನಿಮ್ಮ ಮುಂದಿವೆ. 10,225 ಮತ್ತು 10,224 ಎಂಬ ಅಕ್ಕಪಕ್ಕದ ಸಂಖ್ಯೆಗಳ ಆ ಒಂದರ ಅಂತರವೇ 65,536² + 1²ರಲ್ಲಿ ಬರುವ 1.

ಇದನ್ನು ತಿರುಗಿಸಿ ನಡೆದರೆ ಅಪವರ್ತನಗಳೇ ಕೈಗೆ ಬರುತ್ತವೆ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಲಾಗದು. ಆದ್ದರಿಂದ ಎರಡನೆಯ ಜೋಡಿ ಸಿಕ್ಕ ಕ್ಷಣವೇ ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಗುತ್ತದೆ. ಹೇಗೆ ಒಡೆಯುತ್ತದೆ ಎಂಬ ವಿಧಾನವನ್ನು ಆಯ್ಲರ್ ಬಳಸಿದ್ದ. ಸಮಸಂಖ್ಯೆಗಳಾದ 65,536 ಮತ್ತು 62,264ರ ವ್ಯತ್ಯಾಸ 3,272. ಬೆಸಸಂಖ್ಯೆಗಳಾದ 20,449 ಮತ್ತು 1ರ ಮೊತ್ತ 20,450. ಈ ಎರಡರ ಅನುಪಾತವನ್ನು ಸಂಕ್ಷೇಪಿಸಿದರೆ 4 : 25, ಅವುಗಳ ವರ್ಗಗಳ ಮೊತ್ತ 641. ಬೆಸಸಂಖ್ಯೆಗಳ ಮೊತ್ತದ ಬದಲು ವ್ಯತ್ಯಾಸ 20,448 ಇಟ್ಟುಕೊಂಡರೆ ಅನುಪಾತ 409 : 2,556, ಅದರಿಂದ 67,00,417.

ಪ್ರಶ್ನೆ: 65,537ರ ಆಚೆಗೆ ಈ ಸಾಲಿನಲ್ಲಿ ಒಂದಾದರೂ ಅವಿಭಾಜ್ಯ ಸಿಕ್ಕಿದೆಯೇ?
— ಓದುಗರು, ಯಲಹಂಕ

ಉತ್ತರ: ಇಲ್ಲ. ನಮ್ಮ ಸಂಖ್ಯೆಯ ಮುಂದಿನದು ಇಪ್ಪತ್ತು ಅಂಕಿಗಳದ್ದು, ಅದನ್ನು 2,74,177 ಭಾಗಿಸುತ್ತದೆಂದು ಫ್ರೆಂಚ್ ಗಣಿತಜ್ಞ ಲಾಂದ್ರಿ 1880ರಲ್ಲಿ ಪ್ರಕಟಿಸಿದ. ನಮ್ಮ ಸಂಖ್ಯೆಯಿಂದ ಹಿಡಿದು, ವರ್ಗ ಮಾಡುವುದನ್ನು ಮುಂದುವರಿಸಿದಾಗ ಸಿಗುವ ಅನಂತರದ 27 ಸಂಖ್ಯೆಗಳವರೆಗೆ ಯಾವುದೂ ಅವಿಭಾಜ್ಯವಲ್ಲವೆಂದು ಖಚಿತವಾಗಿದೆ. ಅದರಾಚೆಗಿನದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳಿದ್ದು, ಅದು ಏನೆಂಬುದು ತೀರ್ಮಾನವಾಗದೆ ಉಳಿದಿದೆ.

ಪ್ರಶ್ನೆ: ಫರ್ಮಾನ ಸಂಖ್ಯೆಗಳಿಗೂ ಕೈವಾರದಿಂದ ಬಿಡಿಸುವ ಬಹುಭುಜಾಕೃತಿಗಳಿಗೂ ಸಂಬಂಧವಿದೆಯೆಂದು ಓದಿದ್ದೇನೆ. 4,29,49,67,297 ಬಾಹುಗಳ ಆಕೃತಿಯನ್ನು ಬಿಡಿಸಬಹುದೇ?
— ನಿವೃತ್ತ ಉಪನ್ಯಾಸಕರು, ಬನಶಂಕರಿ

ಉತ್ತರ: ಬಿಡಿಸಲಾಗದು. ಆದರೆ ಅದಕ್ಕಿಂತ ಎರಡು ಬಾಹು ಕಡಿಮೆ ಇರುವುದನ್ನು ತಾತ್ತ್ವಿಕವಾಗಿ ಬಿಡಿಸಬಹುದು.

ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮವಾಗಿರುವ ಹದಿನೇಳು ಬಾಹುಗಳ ಆಕೃತಿಯನ್ನು ಗುರುತಿಲ್ಲದ ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ಬಿಡಿಸಬಹುದೆಂದು ಜರ್ಮನ್ ಗಣಿತಜ್ಞ ಗೌಸ್ 1796ರಲ್ಲಿ ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾನ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿದ್ದಾಗ ಮಾತ್ರ ಇದು ಸಾಧ್ಯವೆಂಬುದು ನಿಯಮ. ‘ಮಾತ್ರ’ ಎಂಬ ಭಾಗವನ್ನು 1837ರಲ್ಲಿ ಪೂರ್ತಿಯಾಗಿ ಸಾಧಿಸಿದವನು ಫ್ರೆಂಚ್ ಗಣಿತಜ್ಞ ವಾನ್‌ಟ್ಸೆಲ್. ನಮ್ಮ ಸಂಖ್ಯೆಯಲ್ಲಿರುವ 641 ಆಗಲಿ 67,00,417 ಆಗಲಿ ಆ ಸಾಲಿನವಲ್ಲ. ಅವಿಭಾಜ್ಯವೆಂದು ಗೊತ್ತಿರುವ ಐದನ್ನೂ ಒಟ್ಟಿಗೆ ಗುಣಿಸಿದರೆ, 3 × 5 × 17 × 257 × 65,537, ಬರುವುದು 4,29,49,67,295. ಬಿಡಿಸಬಹುದೆಂದು ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಇದೇ ಅತಿ ದೊಡ್ಡದು. ಬಿಡಿಸುವುದು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 65,537 ಬಾಹುಗಳ ಆಕೃತಿಯ ವಿಧಾನವನ್ನು ಬರೆದಿಡಲು ಹೆರ್ಮೆಸ್ ಎಂಬ ಜರ್ಮನ್ ಗಣಿತಜ್ಞ ಹತ್ತು ವರ್ಷ ಸವೆಸಿ 1894ರಲ್ಲಿ ಮುಗಿಸಿದ, ಆ ಕಾಗದಗಳು ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಿದವು.

ತಾವು ಉಪನ್ಯಾಸಕರಾಗಿದ್ದವರಾದ್ದರಿಂದ ಇನ್ನೊಂದನ್ನೂ ಸೇರಿಸುತ್ತೇವೆ. ಪಿಂಗಳನ ಛಂದಶ್ಶಾಸ್ತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ವಿವರಿಸಿರುವ ಮೇರು ಪ್ರಸ್ತಾರ ತಮಗೆ ಗೊತ್ತಿರುತ್ತದೆ. ತುದಿಯಲ್ಲಿ 1, ಕೆಳಗೆ 1 1, ಅದರ ಕೆಳಗೆ 1 2 1, ಹೀಗೆ ಮೇಲಿನ ಎರಡನ್ನು ಕೂಡಿಸಿ ಕೆಳಗೆ ಬರೆಯುತ್ತ ಹೋಗುವ ತ್ರಿಕೋನ ಅದು. ಅದರಲ್ಲಿ ಬೆಸಸಂಖ್ಯೆ ಇದ್ದಲ್ಲಿ 1, ಸಮಸಂಖ್ಯೆ ಇದ್ದಲ್ಲಿ 0 ಬರೆದು, ಪ್ರತಿ ಸಾಲನ್ನೂ ದ್ವಿಮಾನ ಪದ್ಧತಿಯ ಸಂಖ್ಯೆಯಾಗಿ ಓದಿ. 1, 3, 5, 15, 17, 51, 85, 255, 257 ಎಂದು ಬರುತ್ತದೆ. ಮೊದಲ 1ನ್ನು ಬಿಟ್ಟರೆ, ಮುಂದಿನ 31 ಸಾಲುಗಳು ಕೈವಾರದಿಂದ ಬಿಡಿಸಬಹುದೆಂದು ಗೊತ್ತಿರುವ ಬೆಸ ಆಕೃತಿಗಳ ಬಾಹುಗಳ ಸಂಖ್ಯೆಗಳನ್ನು ಒಂದೂ ಬಿಡದೆ, ಏರಿಕೆಯ ಕ್ರಮದಲ್ಲಿ ಕೊಡುತ್ತವೆ. 32ನೆಯ ಸಾಲಿನಲ್ಲಿ ಎಲ್ಲವೂ 1, ಅದನ್ನು ಓದಿದರೆ 4,29,49,67,295. 33ನೆಯ ಸಾಲಿನಲ್ಲಿ ಎರಡು ತುದಿಗಳಲ್ಲಿ ಮಾತ್ರ 1, ನಡುವೆ 31 ಸೊನ್ನೆಗಳು. ಆ ಸಾಲೇ 4,29,49,67,297, ಮತ್ತು ಪಟ್ಟಿ ಮುರಿಯುವುದು ಅಲ್ಲಿಯೇ.